ಮರ ಕುಡಿದ ನೀರಿನ ಲೆಕ್ಕ

ಬೆಳಗ್ಗೆ ಎಂಟು ಗಂಟೆಗೆ ಹೊಂಗೆ ಮರದ ಒಂದು ಎಲೆಗೊಂಚಲಿಗೆ ಪ್ಲಾಸ್ಟಿಕ್ ಕವರ್ ತೊಡಿಸಿ, ಅದರ ಬಾಯನ್ನು ದಾರದಿಂದ ಬಿಗಿಯಾಗಿ ಕಟ್ಟಿ ಬನ್ನಿ. ಕವರ್ ಎಲ್ಲೂ ಹರಿದಿರಬಾರದು, ಗೊಂಚಲಿಗೆ ಬಿಸಿಲು ಬೀಳುತ್ತಿರಬೇಕು, ಅಷ್ಟೇ. ಹತ್ತು ಗಂಟೆಯ ಹೊತ್ತಿಗೆ ಕವರಿನ ಒಳಮೈ ಮಬ್ಬಾಗಿರುತ್ತದೆ. ಮಧ್ಯಾಹ್ನ ಊಟ ಮುಗಿಸಿ ಹೋಗಿ ನೋಡಿದರೆ ಹನಿಗಳು ಇಳಿದು ತಳದ ಮೂಲೆಯಲ್ಲಿ ಚಮಚದಷ್ಟು ನೀರು ನಿಂತಿರುತ್ತದೆ. ರುಚಿಯಿಲ್ಲ, ಬಣ್ಣವಿಲ್ಲ. ನೆಲದೊಳಗಿದ್ದ ನೀರು ಬೇರು, ಕಾಂಡ, ಕೊಂಬೆ ಹತ್ತಿ ಎಲೆಯಿಂದ ಆಚೆ ಬಂದಿದೆ. ಒಂದು ಗೊಂಚಲಿಗೆ ಇಷ್ಟಾದರೆ ಒಂದು ಮರಕ್ಕೆ ಎಷ್ಟು? ಒಂದು ಎಕರೆ ತೋಪಿಗೆ ಎಷ್ಟು?

ನಮ್ಮ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ನೀರಿನ ಮಾತು ತೆಗೆದರೆ ಮೂರನೇ ಮಾತಿಗೆ ನೀಲಗಿರಿ ಬರುತ್ತದೆ. ‘ಅದು ಹಾಕಿದ್ಮೇಲೇ ಬಾವಿ ಬತ್ತೋಗಿದ್ದು’ ಎನ್ನುವವರು ಪ್ರತಿ ಊರಿನ ಅರಳಿಕಟ್ಟೆಯಲ್ಲೂ ಸಿಗುತ್ತಾರೆ. ‘ಎಲ್ಲ ಮರವೂ ನೀರು ಕುಡಿಯುತ್ತೆ, ಇದೊಂದರ ಮೇಲೇ ಯಾಕೆ ಸಿಟ್ಟು?’ ಎನ್ನುವವರೂ ಸಿಗುತ್ತಾರೆ. ಜಗಳ ಐವತ್ತು ವರ್ಷದ್ದು. ಆದರೆ ಈ ಜಗಳದ ನಡುವೆ ಸದ್ದಿಲ್ಲದೆ ತೋಪಿನೊಳಗೆ ನಡೆದು ಹೋಗಿ, ಮರಕ್ಕೆ ತೂತು ಕೊರೆದು, ನೆಲಕ್ಕೆ ಕೊಳವೆ ಇಳಿಸಿ, ಎಷ್ಟು ಎಂದು ಅಳೆದವರ ಕಸುಬನ್ನು ಯಾರೂ ಕತೆಯಾಗಿ ಹೇಳಿಲ್ಲ. ನನಗೆ ಆ ಕಸುಬಿನ ಮೇಲೆ ಬಹಳ ಮೆಚ್ಚುಗೆ.

ಮರ ಬಂದ ಬಗೆಯನ್ನು ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಭಾರತಕ್ಕೆ ನೀಲಗಿರಿ ಮೊದಲು ಬಂದದ್ದು ನಮ್ಮ ನಂದಿಬೆಟ್ಟಕ್ಕೇ. ಸುಮಾರು 1790ರಲ್ಲಿ ಟಿಪ್ಪು ಸುಲ್ತಾನನ ತೋಟಕ್ಕೆ ಬೀಜ ತರಿಸಲಾಯಿತು ಎನ್ನುತ್ತಾರೆ. ಮುಂದೆ ‘ಮೈಸೂರು ಗಮ್’ ಎಂಬ ಹೆಸರಿನಲ್ಲಿ ದೇಶವೆಲ್ಲ ಹಬ್ಬಿದ ತಳಿಯ ಮೂಲವೂ ನಂದಿಬೆಟ್ಟವೇ. ಪಾಲಾರ್, ಪಿನಾಕಿನಿ, ಅರ್ಕಾವತಿ, ಚಿತ್ರಾವತಿ, ಪಾಪಾಗ್ನಿಗಳು ಹುಟ್ಟುವ ಬೆಟ್ಟಸಾಲಿನಲ್ಲೇ ಈ ಮರವೂ ಬೇರು ಬಿಟ್ಟದ್ದನ್ನು ಕಾಕತಾಳೀಯ ಎಂದುಕೊಳ್ಳೋಣ. ಬೆಟ್ಟದ ಮೇಲಿದ್ದಷ್ಟು ದಿನ ಯಾರಿಗೂ ತಕರಾರಿರಲಿಲ್ಲ. 1970–80ರ ದಶಕಗಳಲ್ಲಿ ಅದು ರಾಗಿ ಹೊಲಕ್ಕೆ ಇಳಿಯಿತು. ನಾವಿನ್ನೂ ಕೋಲಾರ ಜಿಲ್ಲೆಯಲ್ಲಿದ್ದ ಕಾಲ ಅದು. ಕೂಲಿಯಾಳು ಸಿಗದ, ಪಟ್ಟಣ ಸೇರಿದ ಜಮೀನುದಾರನಿಗೆ ನೀಲಗಿರಿಯಷ್ಟು ಸಲೀಸಾದ ಬೆಳೆ ಬೇರೊಂದಿರಲಿಲ್ಲ. ದನ ಮೇಯುವುದಿಲ್ಲ, ನೀರು ಕಟ್ಟಬೇಕಿಲ್ಲ, ಕಡಿದರೆ ಮೋಟು ಮತ್ತೆ ಚಿಗುರುತ್ತದೆ, ಕಾರ್ಖಾನೆಯವರು ಲಾರಿ ತಂದು ಕೊಂಡೊಯ್ಯುತ್ತಾರೆ. ವಿಶ್ವಬ್ಯಾಂಕ್ ಮತ್ತು ಬ್ರಿಟನ್ನಿನ ನೆರವಿನ ಸಾಮಾಜಿಕ ಅರಣ್ಯ ಯೋಜನೆ ಸಸಿಗಳನ್ನು ಹಂಚಿತು. ಕೋಲಾರದಲ್ಲಿ ಇದರಿಂದ ಏನಾಗುತ್ತಿದೆ ಎಂದು ಬಂದ್ಯೋಪಾಧ್ಯಾಯ, ವಂದನಾ ಶಿವ, ಶರತ್‌ಚಂದ್ರ ಅವರು 1981ರಲ್ಲೇ ವರದಿ ಬರೆದರು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು ಹುಣಸೆ, ಮಾವಿನ ಬೀಜ ಊರಿದರು.

ಹೀಗೆ ಕಾವೇರಿದ ಮೇಲೆ ಅಳತೆಯವರಿಗೆ ಕರೆ ಬಂತು. ಬ್ರಿಟನ್ನಿನ ವಾಲಿಂಗ್‌ಫರ್ಡ್‌ನಲ್ಲಿರುವ ಜಲವಿಜ್ಞಾನ ಸಂಸ್ಥೆ, ಆಕ್ಸ್‌ಫರ್ಡ್‌ನ ಅರಣ್ಯ ಸಂಸ್ಥೆ, ನಮ್ಮ ಅರಣ್ಯ ಇಲಾಖೆ, ಮೈಸೂರು ಪೇಪರ್ ಮಿಲ್ಸ್ ಸೇರಿಕೊಂಡವು. ಮಳೆ ಹೆಚ್ಚಿರುವ ಶಿವಮೊಗ್ಗದ ಕಡೆ ಒಂದಷ್ಟು ತೋಪು, ಮಳೆ ಕಡಿಮೆಯಿರುವ ನಮ್ಮ ಪಕ್ಕದ ಹೊಸಕೋಟೆಯಲ್ಲಿ ಒಂದಷ್ಟು ತೋಪು ಆರಿಸಿಕೊಂಡು ವರ್ಷಗಟ್ಟಲೆ ಅಳೆದರು. ಕಂಡದ್ದನ್ನು ಹಂಚಿಕೊಳ್ಳಲು 1991ರ ಫೆಬ್ರುವರಿ 7ರಿಂದ 11ರವರೆಗೆ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ಸೇರಿತು. ವಿಷಯ: ನೆಡುತೋಪುಗಳ ಬೆಳವಣಿಗೆ ಮತ್ತು ನೀರಿನ ಬಳಕೆ. ಅಲ್ಲಿ ಓದಿದ ಪ್ರಬಂಧಗಳನ್ನು ಇಯಾನ್ ಕಾಲ್ಡರ್, ಹಾಲ್, ಆಡ್ಲಾರ್ಡ್ ಸಂಪಾದಿಸಿ ಮರುವರ್ಷ ದಪ್ಪ ಪುಸ್ತಕವಾಗಿ ತಂದರು. ಎಚ್. ಕ್ರಾಸ್‌ನಲ್ಲಿ ಬಸ್ಸು ಕಾಯುತ್ತ ನೀಲಗಿರಿ ಬೈಯುವ ನಮ್ಮ ಜನಕ್ಕೆ ಆ ಪುಸ್ತಕ ತಲುಪಲೇ ಇಲ್ಲ.

ಕಸುಬಿಗೆ ಬರುವ ಮೊದಲು ಮರ ನೀರೆತ್ತುವ ರೀತಿ ಗೊತ್ತಿರಬೇಕು. ತೆರೆದ ಬಾವಿಗಳಿದ್ದ ಕಾಲದವರಿಗೆ ಇದು ಸುಲಭ. ನೀರು ಕೆಳಗಿಳಿದಂತೆಲ್ಲ ಪಂಪ್‌ಸೆಟ್ಟನ್ನು ದಡದಿಂದ ಬಾವಿಯೊಳಗೆ ಇಳಿಸಿ, ಕಲ್ಲಿನ ಅಟ್ಟದ ಮೇಲೆ ಕೂರಿಸುತ್ತಿದ್ದರಲ್ಲ, ಯಾಕೆ? ಮೇಲೆ ನಿಂತು ಹೀರುವ ಯಂತ್ರ ಎಷ್ಟೇ ಬಲವಾದ್ದಾದರೂ ಹತ್ತು ಮೀಟರಿಗಿಂತ ಕೆಳಗಿನ ನೀರನ್ನು ಎಳೆಯಲಾರದು. ಗಾಳಿಯ ಒತ್ತಡಕ್ಕೆ ಇರುವ ಶಕ್ತಿಯೇ ಅಷ್ಟು. ನೀಲಗಿರಿ ಮಾತ್ರ ಇಪ್ಪತ್ತೈದು ಮೀಟರ್ ಎತ್ತರಕ್ಕೂ ಮೋಟಾರಿಲ್ಲದೆ ನೀರು ಹತ್ತಿಸುತ್ತದೆ. 1894ರಲ್ಲಿ ಡಬ್ಲಿನ್ನಿನ ಡಿಕ್ಸನ್ ಮತ್ತು ಜೋಲಿ ಇದಕ್ಕೆ ಕೊಟ್ಟ ಉತ್ತರ ಇವತ್ತಿಗೂ ನಿಂತಿದೆ. ನೀರಿನ ಕಣಗಳು ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡಿರುತ್ತವೆ. ಕಟ್ಟಿಗೆಯೊಳಗಿನ ಕೂದಲೆಳೆಯಂಥ ನಾಳಗಳಲ್ಲಿ ಬೇರಿನಿಂದ ಎಲೆಯವರೆಗೆ ನೀರು ಹಗ್ಗದ ಹಾಗೆ ತುಂಡಾಗದೆ ಜೋತುಬಿದ್ದಿರುತ್ತದೆ. ಮೇಲ್ತುದಿಯಲ್ಲಿ ಬಿಸಿಲಿಗೆ ಒಂದು ಕಣ ಆವಿಯಾದರೆ ಹಿಂದಿನದು ಆ ಜಾಗಕ್ಕೆ ಸರಿಯುತ್ತದೆ, ಇಡೀ ಹಗ್ಗ ಅಷ್ಟು ಮೇಲಕ್ಕೆ ಬರುತ್ತದೆ. ಎಳೆಯುವವನು ಸೂರ್ಯ. ಮರದ ಕೈಯಲ್ಲಿರುವುದು ಎಲೆಯ ಪತ್ರರಂಧ್ರಗಳನ್ನು ತೆರೆಯುವ ಮುಚ್ಚುವ ಅಧಿಕಾರ ಮಾತ್ರ.

ಈ ಹಗ್ಗ ಎಷ್ಟು ಬಿಗಿಯಾಗಿದೆ ಎಂದು ನೋಡುವುದಕ್ಕೆ ಒಂದು ಉಪಕರಣವಿದೆ. ಪ್ರೆಷರ್ ಬಾಂಬ್ ಎಂದೇ ಕರೆಯುತ್ತಾರೆ, ಹೆದರಬೇಕಾಗಿಲ್ಲ. ಕುಕ್ಕರಿನಂಥ ಗಟ್ಟಿ ಡಬ್ಬಿ, ಮುಚ್ಚಳದಲ್ಲಿ ರಬ್ಬರು ಬಿಗಿದ ತೂತು. ಚಿಕ್ಕ ರೆಂಬೆಯನ್ನು ಕತ್ತರಿಸಿದ ಕೂಡಲೇ ಬಿಗಿದಿದ್ದ ನೀರು ಕತ್ತರಿಸಿದ ತುದಿಯಿಂದ ಒಳಕ್ಕೆ ಸರಿಯುತ್ತದೆ, ತುಂಡಾದ ರಬ್ಬರ್ ಹಾಗೆ. ಎಲೆಗಳು ಡಬ್ಬಿಯೊಳಗೆ, ಕತ್ತರಿಸಿದ ತುದಿ ಹೊರಗೆ ಬರುವಂತೆ ಇಟ್ಟು ಅನಿಲ ತುಂಬುತ್ತ ಹೋಗಬೇಕು. ಅಳೆಯುವವನು ಆ ತುದಿಗೆ ಭೂತಗನ್ನಡಿ ಹಿಡಿದು ಕಣ್ಣು ಮಿಟುಕಿಸದೆ ನೋಡುತ್ತಿರುತ್ತಾನೆ. ಒಣಗಿದ್ದ ಕೊಯ್ದ ಮೈ ಇದ್ದಕ್ಕಿದ್ದಂತೆ ಒದ್ದೆಯಾಗಿ ಮಿನುಗಿದ ಕ್ಷಣ ಮೀಟರ್ ಎಷ್ಟು ತೋರಿಸುತ್ತದೋ ಅಷ್ಟು ಬಲದಿಂದ ಮರ ನೀರನ್ನು ಎಳೆಯುತ್ತಿತ್ತು ಎಂದರ್ಥ. ಇದನ್ನು ಪ್ರಸಿದ್ಧಿಗೆ ತಂದ ಶೊಲಾಂಡರ್ 1965ರಲ್ಲಿ ಎತ್ತರದ ಮರಗಳ ತುದಿಯ ರೆಂಬೆಗಳನ್ನು ಬಂದೂಕಿನಿಂದ ಹೊಡೆಸಿ ಬೀಳಿಸಿಕೊಂಡಿದ್ದ. ಈ ಕೆಲಸಕ್ಕೆ ಒಳ್ಳೆಯ ಹೊತ್ತು ಕೋಳಿ ಕೂಗುವ ಮುಂಚಿನದು. ರಾತ್ರಿ ಎಲೆಯ ಬಾಯಿ ಮುಚ್ಚಿರುತ್ತದೆ, ಬೇರಿನ ಸುತ್ತ ಎಷ್ಟು ತೇವವಿದೆಯೋ ಅದಕ್ಕೆ ಮರ ಹೊಂದಿಕೊಂಡಿರುತ್ತದೆ. ಆಗ ಅಳೆದರೆ ಬೇರು ಮುಟ್ಟಿರುವ ನೆಲದ ಸ್ಥಿತಿ ಎಲೆಯಲ್ಲೇ ತಿಳಿಯುತ್ತದೆ. ರೇಷ್ಮೆ ಹುಳುವಿಗೆ ಸೊಪ್ಪು ಹಾಕಲು ನಸುಕಿನಲ್ಲಿ ಏಳುವ ಶಿಡ್ಲಘಟ್ಟದವರಿಗೆ ಈ ಪಾಳಿ ಏನೂ ಹೊಸದಲ್ಲ.

ಬಿಗಿ ತಿಳಿಯಿತು, ಹರಿವು ತಿಳಿಯಲಿಲ್ಲ. ದಿನಕ್ಕೆ ಒಂದು ಮರ ಎಷ್ಟು ಲೀಟರ್ ಎಂಬುದಕ್ಕೆ ಬೇರೆ ಉಪಾಯ ಬೇಕು. ಕರ್ನಾಟಕದ ತೋಪುಗಳಲ್ಲಿ ಬಳಸಿದ ಉಪಾಯ ನನಗೆ ಎಲ್ಲಕ್ಕಿಂತ ಸೊಗಸಾಗಿ ಕಾಣುತ್ತದೆ. ಮನೆಯಲ್ಲಿ ಮಜ್ಜಿಗೆ ಮಾಡುವುದನ್ನು ನೆನೆಸಿಕೊಳ್ಳಿ. ಒಂದು ಬಟ್ಟಲು ಮೊಸರು ಹಾಕಿದ್ದೀರೆಂದು ನನಗೆ ಗೊತ್ತು. ಎಷ್ಟು ನೀರು ಸುರಿದಿರೆಂದು ನೀವು ಹೇಳುತ್ತಿಲ್ಲ. ಒಂದು ಗುಟುಕು ಕುಡಿದು ನೋಡಿದರೆ ಸಾಕು, ಎಷ್ಟು ತೆಳ್ಳಗಿದೆ ಎಂಬುದರಿಂದ ಸುರಿದ ನೀರನ್ನು ಅಂದಾಜು ಮಾಡಬಹುದು. ಮರದ ವಿಷಯದಲ್ಲಿ ಮೊಸರಿನ ಬದಲು ಭಾರಜಲ. ಅದೂ ನೀರೇ, ಆದರೆ ಅದರ ಹೈಡ್ರೋಜನ್ ಜಾಗದಲ್ಲಿ ಅದಕ್ಕಿಂತ ಎರಡು ಪಟ್ಟು ತೂಕದ ಡ್ಯೂಟೀರಿಯಂ ಇರುತ್ತದೆ. ವಿಕಿರಣವಿಲ್ಲ, ಅಷ್ಟು ಕಡಿಮೆ ಪ್ರಮಾಣದಲ್ಲಿ ವಿಷವೂ ಅಲ್ಲ. ಮರ ಅದನ್ನು ಮಾಮೂಲಿ ನೀರೆಂದೇ ಸಾಗಿಸುತ್ತದೆ, ಪ್ರಯೋಗಾಲಯದ ಯಂತ್ರ ಮಾತ್ರ ಗುರುತು ಹಿಡಿಯುತ್ತದೆ.

ಕಾಂಡದ ಬುಡದ ಸುತ್ತ ಸಣ್ಣ ತೂತುಗಳನ್ನು ಕೊರೆಯುತ್ತಾರೆ. ಎಲ್ಲಿಯವರೆಗೆ ಕೊರೆಯಬೇಕೆಂಬುದರಲ್ಲಿ ಕೈಚಳಕವಿದೆ. ನೀರು ಹರಿಯುವುದು ಹೊರಗಿನ ಎಳೆಯ ಬಿಳಿ ಕಟ್ಟಿಗೆಯಲ್ಲಿ; ಒಳಗಿನ ಚೇಗು ಆಗಲೇ ಸತ್ತ ಮರ, ಅದು ಕಂಬದ ಕೆಲಸ ಮಾಡುತ್ತದೆ ಅಷ್ಟೇ. ತೂತಿಗೆ ಗಾಳಿ ನುಗ್ಗಿದರೆ ನೀರಿನ ಹಗ್ಗ ತುಂಡಾಗುತ್ತದೆ, ಹಾಗಾಗದಂತೆ ತೂಗಿಟ್ಟ ಭಾರಜಲವನ್ನು ತಡಮಾಡದೆ ತುಂಬಬೇಕು. ಆಮೇಲೆ ಮೇಲಿನ ಕೊಂಬೆಗಳ ಎಲೆಗೊಂಚಲುಗಳಿಗೆ ಪ್ಲಾಸ್ಟಿಕ್ ಕವರ್ ಕಟ್ಟಬೇಕು, ಮೇಲೆ ಹೊಂಗೆಗೆ ಕಟ್ಟಿದೆವಲ್ಲ ಹಾಗೆಯೇ. ಪ್ರತಿದಿನ ಕವರಿನಲ್ಲಿ ಇಳಿದ ನೀರನ್ನು ಪುಟ್ಟ ಸೀಸೆಗೆ ಬಸಿದು, ಮರದ ಸಂಖ್ಯೆ, ಕೊಂಬೆ, ತಾರೀಖು ಬರೆದು ಮುಚ್ಚಳ ಬಿಗಿಯಬೇಕು. ಮೊದಮೊದಲು ಸೀಸೆಯಲ್ಲಿ ಭಾರಜಲದ ಸುಳಿವೇ ಇರುವುದಿಲ್ಲ. ಆಮೇಲೆ ಏರುತ್ತದೆ, ತುತ್ತತುದಿ ಮುಟ್ಟುತ್ತದೆ, ದಿನಗಳು ಕಳೆದಂತೆ ಇಳಿಯುತ್ತ ಕೊನೆಗೆ ಕಾಣೆಯಾಗುತ್ತದೆ. ಆ ಏರಿಳಿತವನ್ನು ಗ್ರಾಫ್ ಕಾಗದದ ಮೇಲೆ ಬರೆದರೆ ಒಂದು ಗುಡ್ಡ ಮೂಡುತ್ತದೆ. ಹಾಕಿದ ಭಾರಜಲವನ್ನು ಆ ಗುಡ್ಡದ ವಿಸ್ತೀರ್ಣದಿಂದ ಭಾಗಿಸಿದರೆ ಮರ ದಿನಕ್ಕೆ ಸಾಗಿಸಿದ ನೀರು ಸಿಗುತ್ತದೆ. ಗುಡ್ಡ ಚಿಕ್ಕದಾದಷ್ಟೂ ಮಜ್ಜಿಗೆ ತೆಳ್ಳಗೆ, ಅಂದರೆ ಮರ ಹೆಚ್ಚು ಕುಡಿದಿದೆ.

ಹೀಗೆ ಬರೆದರೆ ಎರಡು ಪ್ಯಾರಾ. ಮಾಡುವಾಗ ಗಾಳಿಗೆ ಕವರ್ ಹಾರುತ್ತದೆ, ಇರುವೆ ತೂತು ಮಾಡುತ್ತದೆ, ಏಣಿ ಸಾಲುವುದಿಲ್ಲ. ವಿಧಾನವನ್ನು ನಂಬುವ ಮೊದಲು ಅದು ಸರಿಯೇ ಎಂದು ತೋಪಿನಲ್ಲೇ ಒರೆಹಚ್ಚಬೇಕು. ಆ ಒರೆಯ ಬಗ್ಗೆ 1992ರಲ್ಲಿ ಬಂದ ಪ್ರಬಂಧದಲ್ಲಿ ಕಾಲ್ಡರ್ ಜೊತೆ ಕಾರಿಯಪ್ಪ, ಶ್ರೀನಿವಾಸಲು, ಶ್ರೀನಿವಾಸಮೂರ್ತಿ ಎಂಬ ನಮ್ಮವರ ಹೆಸರುಗಳಿವೆ. ಅಂಥ ಹೆಸರುಗಳನ್ನು ಕಂಡರೆ ಸಮ್ಮೇಳನದ ವೇದಿಕೆಗಿಂತ ಏಣಿಯ ಮೇಲಿದ್ದವರೇ ನನಗೆ ನೆನಪಾಗುತ್ತಾರೆ.

ಮರದ ಕಡೆಯ ಲೆಕ್ಕವಾಯಿತು, ನೆಲದ ಕಡೆಯದೂ ಬೇಕು. ಜಮಾಖರ್ಚು ಎರಡೂ ಕಡೆ ತಾಳೆಯಾಗಬೇಕಲ್ಲ. ಇದಕ್ಕೆ ತೋಪಿನೊಳಗೆ ಕೈಯಿಂದ ತಿರುಗಿಸುವ ಬೈರಿಗೆಯಿಂದ ಆಳವಾದ ಕಿಂಡಿ ಕೊರೆದು ಅಲ್ಯೂಮಿನಿಯಂ ಕೊಳವೆ ಇಳಿಸುತ್ತಾರೆ. ಕೊಳವೆಯ ಸುತ್ತ ಮಣ್ಣು ಸಡಿಲಾದರೆ ಅಷ್ಟು ಶ್ರಮವೂ ದಂಡ, ಮಳೆನೀರು ಸಂದಿಯಲ್ಲಿ ಇಳಿದು ಸುಳ್ಳು ಅಂಕಿ ಕೊಡುತ್ತದೆ. ಕೊಳವೆಯೊಳಗೆ ಕೇಬಲ್ ಕಟ್ಟಿದ ನ್ಯೂಟ್ರಾನ್ ಶೋಧಕವನ್ನು ಬಿಡುತ್ತಾರೆ. ಗೋಲಿ ಆಡಿದವರಿಗೆ ಇದರ ಗುಟ್ಟು ಬೇಗ ಹೊಳೆಯುತ್ತದೆ. ಗೋಲಿ ದೊಡ್ಡ ಕಲ್ಲಿಗೆ ಬಡಿದರೆ ಅದೇ ವೇಗದಲ್ಲಿ ಹಿಂದಕ್ಕೆ ಚಿಮ್ಮುತ್ತದೆ. ತನ್ನಷ್ಟೇ ಗಾತ್ರದ ಇನ್ನೊಂದು ಗೋಲಿಗೆ ಬಡಿದರೆ ತಾನು ನಿಂತು ಅದನ್ನು ಓಡಿಸುತ್ತದೆ. ನ್ಯೂಟ್ರಾನಿಗೆ ಮಣ್ಣಿನ ಸಿಲಿಕಾನ್, ಕಬ್ಬಿಣ ಎಲ್ಲ ದೊಡ್ಡ ಕಲ್ಲುಗಳು. ಅದರಷ್ಟೇ ತೂಗುವುದು ಹೈಡ್ರೋಜನ್ ಒಂದೇ, ಅದು ಮಣ್ಣಿನಲ್ಲಿ ಹೆಚ್ಚಾಗಿರುವುದು ನೀರಿನ ರೂಪದಲ್ಲಿ. ಆದ್ದರಿಂದ ಶೋಧಕದಿಂದ ಹೊರಟ ವೇಗದ ನ್ಯೂಟ್ರಾನ್‌ಗಳಲ್ಲಿ ಎಷ್ಟು ನಿಧಾನವಾಗಿ ಮರಳಿದವು ಎಂದು ಎಣಿಸಿದರೆ ಆ ಆಳದಲ್ಲಿ ಎಷ್ಟು ತೇವವಿದೆ ಎಂದು ಗೊತ್ತಾಗುತ್ತದೆ. ಒಂದು ಆಳದಲ್ಲಿ ನಿಲ್ಲಿಸು, ಎಣಿಸು, ಬರೆದುಕೋ, ಒಂದು ಗೇಣು ಇಳಿಸು, ಮತ್ತೆ ಎಣಿಸು. ಹೀಗೆ ವಾರ ವಾರ, ಮಳೆಗಾಲ ಬೇಸಿಗೆ ಎನ್ನದೆ. ಇದಕ್ಕಿಂತ ಬೇಸರದ ಕೆಲಸವಿಲ್ಲ, ಆದರೆ ಇಡೀ ಜಗಳಕ್ಕೆ ಉತ್ತರ ಸಿಕ್ಕಿದ್ದು ಈ ಬೇಸರದೊಳಗಿಂದಲೇ.

ಉತ್ತರ ಯಾರಿಗೂ ಪೂರ್ತಿ ಹಿತವಾಗಲಿಲ್ಲ. ಸುಮಾರು ಮೂರು ಮೀಟರ್ ಆಳದ ಮಣ್ಣಿರುವ ಕಡೆ ಎಳೆಯ ನೀಲಗಿರಿ ತೋಪು ನಮ್ಮ ಎಲೆಯುದುರುವ ಕಾಡಿಗಿಂತ ಹೆಚ್ಚೇನೂ ಕುಡಿಯಲಿಲ್ಲ. ಎರಡೂ ಬಿದ್ದ ಮಳೆಯಷ್ಟನ್ನು ಕುಡಿದವು. ನೀಲಗಿರಿಯನ್ನು ರಾಕ್ಷಸ ಎಂದವರಿಗೆ ಇದು ಕಹಿ. ಆದರೆ ಎಲ್ಲ ಕಡೆಯೂ ಮರಗಳ ಬಳಕೆ ರಾಗಿಯ ಸುಮಾರು ಎರಡರಷ್ಟಿತ್ತು. ಇಲಾಖೆಯವರಿಗೆ ಇದು ಕಹಿ, ಯಾಕೆಂದರೆ ಮೈದಾನದ ನೀಲಗಿರಿ ಎದ್ದದ್ದು ಕಾಡು ಕಡಿದ ಜಾಗದಲ್ಲಿ ಅಷ್ಟೇ ಅಲ್ಲ, ರಾಗಿ ಹೊಲದಲ್ಲೂ. ರಾಗಿಯ ಬೇರು ಮೇಲುಮೇಲೆ, ಬಾಳು ನಾಲ್ಕು ತಿಂಗಳು. ಕೊಯ್ಲಾದ ಮೇಲೆ ಬಿದ್ದ ಮಳೆ ನೆಲಕ್ಕೇ. ಇಂಗಾಲ ಹಿಡಿಯುವ ರೀತಿಯಲ್ಲೂ ಅದು ಜೋಳ, ಕಬ್ಬಿನ ಜಾತಿಗೆ ಸೇರಿದ್ದು, ಪತ್ರರಂಧ್ರ ಕಡಿಮೆ ತೆರೆದು ಹೆಚ್ಚು ಗಳಿಸುತ್ತದೆ. ನೀಲಗಿರಿ ವರ್ಷವಿಡೀ ಹಸಿರು, ವರ್ಷವಿಡೀ ಕುಡಿಯುತ್ತಲೇ ಇರುತ್ತದೆ. ಅರಳಿಕಟ್ಟೆಯ ಮಾತು ಅಂಕಿಯಲ್ಲೂ ನಿಂತಿತು.

ಹೊಸಕೋಟೆಯ ಅಂಕಿ ಮಾತ್ರ ಅಳೆದವರನ್ನೇ ಬೆಚ್ಚಿಬೀಳಿಸುವಂಥದ್ದು. ಮೂರು ಒಣ ವರ್ಷಗಳಲ್ಲಿ ಅಲ್ಲಿ ಬಿದ್ದ ಮಳೆ 2,100 ಮಿಲಿಮೀಟರ್, ನೀಲಗಿರಿ ಕುಡಿದದ್ದು 3,400. ಜಮೆಗಿಂತ ಖರ್ಚು ಹೆಚ್ಚು! ಯಾವ ಶಾನುಭೋಗನಾದರೂ ಮೊದಲು ತನ್ನ ಕೂಡುವಿಕೆಯನ್ನೇ ಅನುಮಾನಿಸುತ್ತಾನೆ. ಕಾಲ್ಡರ್, ರೋಸಿಯರ್, ಪ್ರಸನ್ನ, ಪರಮೇಶ್ವರಪ್ಪ ಅವರು 1997ರಲ್ಲಿ ಪ್ರಕಟಿಸಿದ ಪ್ರಬಂಧದ ಶೀರ್ಷಿಕೆಯಲ್ಲೇ ಇದಕ್ಕೆ ‘ಒಂದು ಸಾಧ್ಯ ವಿವರಣೆ’ ಎಂದು ಎಚ್ಚರದಿಂದ ಬರೆದುಕೊಂಡರು. ವಿವರಣೆ ಕೊಳವೆಯೊಳಗಿತ್ತು. ಆಳ ಮಣ್ಣು ಸಿಕ್ಕರೆ ನೀಲಗಿರಿಯ ಬೇರು ವರ್ಷಕ್ಕೆ ಎರಡೂವರೆ ಮೀಟರಿಗಿಂತ ಹೆಚ್ಚಿನ ವೇಗದಲ್ಲಿ ಕೆಳಗಿಳಿಯುತ್ತದೆ. ರಾಗಿ, ಹುರುಳಿ, ಅವರೆ ಬೆಳೆದ ತಲೆಮಾರುಗಳ ಕಾಲದಲ್ಲಿ ಯಾರ ಬೇರೂ ಮುಟ್ಟದೆ ಉಳಿದಿದ್ದ ತೇವ ಕೆಳಗಿತ್ತು, ಮರ ಅದನ್ನು ಪದರ ಪದರವಾಗಿ ಬಸಿಯುತ್ತ ಹೋಯಿತು. ವರಮಾನದ ಜೊತೆ ಅಸಲನ್ನೂ ಉಂಡಿತು.

ಇದರಿಂದ ನಾನು ಕಲಿತದ್ದು, ಮರದ ಹೆಸರು ಹೇಳಿ ತೀರ್ಪು ಕೊಡಬಾರದು, ಮಣ್ಣಿನ ಆಳವನ್ನೂ ಕೇಳಬೇಕು. ಕೈವಾರ ಬೆಟ್ಟದ ತಪ್ಪಲಿನಂಥ ಗರಸು ನೆಲದಲ್ಲಿ ಬಂಡೆ ಬೇಗ ಸಿಕ್ಕರೆ ಬೇರಿಗೆ ಕುಡಿಯಲು ಉಳಿದದ್ದೇ ಕಡಿಮೆ. ಆಳವಾದ ಕೆಂಪು ಮಣ್ಣಿನ ಹೊಲದಲ್ಲಿ ಅದೇ ಮರ ಬೇರೆಯೇ ಪ್ರಾಣಿ. ನೀಲಗಿರಿಯೊಂದನ್ನೇ ಶೂಲಕ್ಕೇರಿಸುವುದೂ ತಪ್ಪು. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ಯಾಕೆ ಬತ್ತಿತು ಎಂದು ವೀಣಾ ಶ್ರೀನಿವಾಸನ್ ಮತ್ತು ಸಂಗಡಿಗರು ಕಾರಣಗಳನ್ನು ಒಂದೊಂದಾಗಿ ಜಾಲಾಡಿ 2015ರಲ್ಲಿ ಬರೆದರು. ಮಳೆ ಕಡಿಮೆಯಾದದ್ದು ಕಾರಣವಲ್ಲ. ಬೋರ್‌ವೆಲ್ ಮತ್ತು ನೀಲಗಿರಿ ಎರಡೂ ಮುಖ್ಯ ಆರೋಪಿಗಳು ಎಂಬುದು ಅವರ ತೀರ್ಮಾನ. ಬೋರ್‌ವೆಲ್ ಕೊರೆಸಿದವರು ನಾವು. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಬೋರ್‌ವೆಲ್‌ಗಳು ಮಾತ್ರ ಸಾವಿರ ಅಡಿ ದಾಟಿ ಇನ್ನೂ ಇಳಿಯುತ್ತಿವೆ.

ಇನ್ನೂ ಅಳೆಯಬೇಕಾದ್ದು ಬೇಕಾದಷ್ಟಿದೆ. ವರ್ಷಕ್ಕೆ ಹಲವು ಸಲ ಕಟಾವಾಗುವ ಶಿಡ್ಲಘಟ್ಟದ ಹಿಪ್ಪುನೇರಳೆ, ಈಚೆಗೆ ಮರವಾಗಿ ಬೆಳೆಸುತ್ತಿರುವ ಹಿಪ್ಪುನೇರಳೆ, ಚಿಂತಾಮಣಿಯ ಮಾವು, ಬದುವಿನ ಹುಣಸೆ ಇವೆಲ್ಲ ಯಾವ ಮಣ್ಣಿನಲ್ಲಿ ಎಷ್ಟು ಕುಡಿಯುತ್ತವೆ ಎಂಬ ಲೆಕ್ಕ ನಮ್ಮ ಹೊಲಗಳಲ್ಲೇ ಕೊಳವೆ ಇಳಿಸಿ ಪಡೆಯಬೇಕಾದದ್ದು. ಚಿಂತಾಮಣಿ ಪಕ್ಕದ ಕುರುಬೂರಿನಲ್ಲೇ ರೇಷ್ಮೆ ಕೃಷಿ ಕಾಲೇಜಿದೆ, ಹುಡುಗರಿದ್ದಾರೆ. ಪ್ಲಾಸ್ಟಿಕ್ ಕವರಿಗೆ ದುಡ್ಡು ಹೆಚ್ಚಾಗುವುದಿಲ್ಲ.

ನೀಲಗಿರಿ ಕಿತ್ತು ಮತ್ತೆ ರಾಗಿಗೆ ಮರಳುತ್ತಿರುವ ರೈತರಿಗೆ ಹೊಸಕೋಟೆಯ ಅಂಕಿಯಿಂದ ಒಂದು ಲೆಕ್ಕ ಹೇಳಿ ಮುಗಿಸುತ್ತೇನೆ. ಮೂರು ವರ್ಷದಲ್ಲಿ ಮಳೆಯ ಮೇಲೆ ಹೆಚ್ಚಾಗಿ ಮರ ಎತ್ತಿದ್ದು 1,300 ಮಿಲಿಮೀಟರ್. ಒಂದು ಎಕರೆಗೆ ಅದು ಐವತ್ತೆರಡು ಲಕ್ಷ ಲೀಟರ್, 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಸಾವಿರಕ್ಕೂ ಮೇಲೆ. ಬೆಳೆ ಉಂಡು ಮಿಕ್ಕ ಮಳೆ ವರ್ಷಕ್ಕೆ 100 ಮಿಲಿಮೀಟರ್ ಒಳಗಿಳಿಯಿತು ಎಂದೇ ಇಟ್ಟುಕೊಳ್ಳಿ, ಆ ಗುಂಡಿ ತುಂಬಲು ಹದಿಮೂರು ಮಳೆಗಾಲ ಬೇಕು. ಬಾವಿಗೆ ನೀರಿಳಿಯುವ ಮೊದಲು ನಡುವಿನ ಒಣ ಮಣ್ಣು ತನ್ನ ಪಾಲು ಹೀರಿಕೊಳ್ಳುತ್ತದೆ. ಮೋಟು ಕಿತ್ತ ಮರುವರ್ಷವೇ ನೀರು ಮೇಲೆ ಬರಲಿಲ್ಲವೆಂದು ಮತ್ತೆ ನೀಲಗಿರಿ ಹಚ್ಚಬೇಡಿ.